ಕೂಡುವ ಜಾಗಕ್ಕೆ ಒಂದು ಹೆಸರು

ಹೊಸ ವಸ್ತು ಮನೆಗೆ ಬಂದರೆ ಅದನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ನಿಮ್ಮ ಮನೆಯ ರೇಡಿಯೋವನ್ನೇ ತೆಗೆದುಕೊಳ್ಳಿ. ಅದಕ್ಕೆ ಬಾನುಲಿ ಎಂಬ ಅಂದವಾದ ಮಾತು ಹುಟ್ಟಿತು, ಪುಸ್ತಕಗಳಲ್ಲಿ ನೆಲೆಯನ್ನೂ ಪಡೆಯಿತು. ಆದರೆ “ಮಗೂ, ಬಾನುಲಿ ಹಾಕು” ಎಂದು ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಪೆಟ್ಟಿಗೆ ರೇಡಿಯೋ ಆಗಿಯೇ ಉಳಿಯಿತು. ಪೆಟ್ಟಿಗೆಯ ಮೂಲಕ ಮಾತನಾಡುವ ನಿಲಯದ ಭಾಗ್ಯ ಮಾತ್ರ ಬೇರೆಯಾಯಿತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ನಿಲಯವನ್ನು ತೆರೆದರು. ಅದಕ್ಕೆ ಬಂದ ಹೆಸರು ಆಕಾಶವಾಣಿ. ಕಂಸನ ಕಿವಿಗೆ ಬಿದ್ದ ಮಾತಿನ ಹೆಸರು. ಹರಿಕಥೆ ಕೇಳಿದ ಅಜ್ಜಿಗೂ ಗೊತ್ತಿದ್ದ ಹೆಸರು. ಮುಂದೆ ಅದೇ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು.

ಈಗ ಇನ್ನೊಂದು ಹೊಸ ವಸ್ತು ಕನ್ನಡದ ಹೆಸರಿಗಾಗಿ ಬಾಗಿಲಲ್ಲಿ ನಿಂತಿದೆ. ಅದರ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದಿದ್ದೇನೆ. ಇದೇನೋ ಪಾರಿಭಾಷಿಕ ಪದಗಳ ಪಾಠವೆಂದು ಗುಂಡಿ ತಿರುಗಿಸಿಬಿಡಬೇಡಿ.

ಜನರು ಮೊಬೈಲಿನಲ್ಲಿ ಒಂದೊಂದು ವಿಷಯ ಹಿಡಿದು ಚರ್ಚೆ ನಡೆಸುವುದನ್ನು ನೀವೆಲ್ಲರೂ ಕಂಡಿದ್ದೀರಿ. ದ್ರಾಕ್ಷಿಗೆ ಬೂದಿರೋಗ ಬಂದರೆ ಏನು ಮಾಡಬೇಕು, ರೇಷ್ಮೆಗೂಡಿನ ಧಾರಣೆ ಹೇಗಿದೆ, ಮಗಳ ಪರೀಕ್ಷೆಗೆ ಯಾವ ಪುಸ್ತಕ ಒಳ್ಳೆಯದು, ಹೀಗೆ. ಇಂಥ ಚರ್ಚೆ ನಡೆಯುವ ಹೆಸರಾದ ತಾಣಗಳು ಬಹುಮಟ್ಟಿಗೆ ಒಂದೊಂದು ಕಂಪನಿಯ ಸೊತ್ತು. ಜಾಗ ಅವರದು, ಕಟ್ಟಳೆ ಅವರದು, ಬೀಗದ ಕೈಯೂ ಅವರದೇ. ಅವರು ಮನಸ್ಸು ಬದಲಾಯಿಸಿದ ದಿನ ಹತ್ತು ವರ್ಷದ ಮಾತುಕತೆ ಬೀದಿಪಾಲಾಗಬಹುದು. ಇದನ್ನು ಕಂಡು ಬೇಸತ್ತವರು ಬೇರೊಂದು ಏರ್ಪಾಟನ್ನು ಮಾಡಿಕೊಂಡರು. ಅಲ್ಲೊಂದು ಕಡೆ ಹತ್ತು ಜನ, ಇಲ್ಲೊಂದು ಕಡೆ ಇಪ್ಪತ್ತು ಜನ ಸೇರಿ ತಮ್ಮದೇ ಒಂದೊಂದು ಗಣಕಯಂತ್ರವನ್ನು ನಡೆಸುತ್ತಾರೆ. ಇದಕ್ಕೆ ಸರ್ವರ್ ಎಂದು ಹೆಸರು. ಪ್ರತಿಯೊಂದು ಸರ್ವರಿಗೂ ಅದರದೇ ಯಜಮಾನಿಕೆ, ಅದರದೇ ಕಟ್ಟಳೆ. ಆದರೆ ಎಲ್ಲವೂ ಒಂದು ಸಾಮಾನ್ಯ ಒಪ್ಪಂದದ ಮೇರೆಗೆ ತಮ್ಮೊಳಗೆ ಮಾತುಗಳನ್ನು ಸಾಗಿಸಿಕೊಳ್ಳುತ್ತವೆ. ಈ ಒಪ್ಪಂದದ ಹೆಸರು ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಇದನ್ನು ಅನುಸರಿಸುವ ಚರ್ಚಾ ವ್ಯವಸ್ಥೆಗಳಲ್ಲಿ 2019ರಲ್ಲಿ ಆರಂಭವಾದ ಲೆಮ್ಮಿ ಎಂಬುದು ಒಂದು.

ಇದು ಕಬ್ಬಿಣದ ಕಡಲೆಯೆಂದು ತೋರಬಹುದು. ಆದರೆ ನಮ್ಮ ಪೆರೇಸಂದ್ರದ ಕಡೆಯವರಿಗೆ ಇದನ್ನು ಹೇಳುವುದು ಬಹಳ ಸುಲಭ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿ ಬಾಗೇಪಲ್ಲಿಯ ದಿಕ್ಕಿಗೆ ಹೊರಟರೆ ಪೆರೇಸಂದ್ರ ಸಿಕ್ಕುತ್ತದೆ. ಗುಡಿಬಂಡೆಗೆ ಹೋಗುವವರು ಅಲ್ಲಿ ತಿರುಗಿಕೊಳ್ಳುತ್ತಾರೆ. ಊರ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ ಎಂದರೆ ಸಮುದ್ರ. ಈ ಸೀಮೆಯಲ್ಲಿ ಕಡಲಿಲ್ಲ. ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಕೆರೆ ಕಟ್ಟಿಸಿದವರು ಕೆರೆಯನ್ನೇ ಸಮುದ್ರವೆಂದು ಹಿಗ್ಗಿನಿಂದ ಕರೆದರು. ಜನರ ಬಾಯಲ್ಲಿ ಸವೆದು ಅದು ಸಂದ್ರವಾಯಿತು. ಹೆಸರಿಡುವವನು ಒಬ್ಬನಾದರೆ ಅದನ್ನು ನಯ ಮಾಡುವವರು ಊರಿನವರೆಲ್ಲ.

ಇಲ್ಲಿಯ ಕೆರೆಗಳು ಬಿಡಿಬಿಡಿಯಾಗಿಲ್ಲ, ಸರಪಣಿಯಂತಿವೆ. ಮೇಲಿನೂರಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನೂರಿನ ಕೆರೆಗೆ ಬರುತ್ತದೆ; ಅದು ತುಂಬಿದರೆ ಅದರಾಚೆಯದಕ್ಕೆ. ಪ್ರತಿಯೊಂದು ಕೆರೆಗೂ ಅದರದೇ ಏರಿ, ಅದರದೇ ತೂಬು, ಅದರದೇ ಅಚ್ಚುಕಟ್ಟು. ಎಲ್ಲಕ್ಕೂ ಮೇಲೆ ಒಂದು ದೊಡ್ಡ ಅಣೆಕಟ್ಟು ಇಲ್ಲ. ಒಂದು ಕೆರೆ ಒಡೆದರೆ ಕೆಳಗಿನವರಿಗೆ ಕಷ್ಟವಾಗುವುದು ನಿಜ. ಆದರೆ ಇಡೀ ಸೀಮೆಯ ನೀರು ಒಬ್ಬನ ಕೈಯಲ್ಲಿರುವುದಿಲ್ಲ. ಈ ಹೊಸ ಚರ್ಚಾ ವ್ಯವಸ್ಥೆಯ ಅಂಗಸೌಷ್ಠವ ಇದೇ.

ಒಂದು ವಿಷಯವನ್ನು ಇಲ್ಲಿಯೇ ಬಿಡಿಸಿ ಹೇಳಿಬಿಡಬೇಕು. ಇಂಥ ಏರ್ಪಾಟಿಗೆ ‘ಒಕ್ಕೂಟ’ ಎಂಬ ಪದ ಕೂಡಲೇ ನಾಲಗೆಗೆ ಬರುತ್ತದೆ. ನಮ್ಮ ಜಿಲ್ಲೆಯ ಪ್ರತಿ ಹಳ್ಳಿಯಲ್ಲಿಯೂ ಆ ಪದ ಹಾಲಿನ ಜೊತೆಗೆ ಪರಿಚಿತವಾಗಿದೆ: ಊರಿಗೆ ಹಾಲು ಉತ್ಪಾದಕರ ಸಂಘ, ಅದರ ಮೇಲೆ ಒಕ್ಕೂಟ, ಒಕ್ಕೂಟಗಳ ಮೇಲೆ ಮಹಾಮಂಡಳಿ. ಆದರೆ ಹಾಲು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಒಂದು ಕಡೆ ಸೇರುತ್ತದೆ, ಒಂದೇ ಹೆಸರಿನ ಪೊಟ್ಟಣದಲ್ಲಿ ಹೊರಗೆ ಬರುತ್ತದೆ. ಕೆರೆಯ ನೀರಿಗೆ ಇಂಥ ಮಹಾಮಂಡಳಿಯಿಲ್ಲ. ಅದು ನೆರೆಯಿಂದ ನೆರೆಗೆ ಹೋಗುತ್ತದೆ. ಆದುದರಿಂದ ಒಕ್ಕೂಟವೆಂಬ ಮಾತನ್ನು ನಾನು ಬದಿಗಿಡುತ್ತೇನೆ.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಈ ಸರ್ವರುಗಳ ಒಳಗೆ ವಿಷಯಕ್ಕೊಂದರಂತೆ ಜನ ಸೇರುತ್ತಾರೆ. ಹೂವು ಬೆಳೆಯುವವರು ಒಂದು ಕಡೆ, ಹಳೆಯ ಸಿನಿಮಾ ಹಾಡಿನ ಹುಚ್ಚಿನವರು ಇನ್ನೊಂದು ಕಡೆ, ಶಾಸನ ಓದುವವರು ಮತ್ತೊಂದು ಕಡೆ. ಹೀಗೆ ಸೇರುವ ಒಂದೊಂದನ್ನೂ ಏನೆಂದು ಕರೆಯಬೇಕು?

ಇಂಗ್ಲಿಷಿನವರಿಗೂ ಈ ತೊಡಕು ಬಿಟ್ಟಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಜಾಲವನ್ನು ಯೋಚಿಸಿದರು. ಅದೂ ಒಡೆಯನಿಲ್ಲದ ಜಾಲವೇ. ಅದರ ಭಾಗಗಳಿಗೆ ‘ನ್ಯೂಸ್‌ಗ್ರೂಪ್’ ಎಂದು ಹೆಸರು ಬಂತು. ಅಲ್ಲಿ ನಡೆದದ್ದು ಸುದ್ದಿಗಿಂತ ಹೆಚ್ಚಾಗಿ ಹರಟೆ ಮತ್ತು ಜಗಳ. ಹೆಸರು ಮಾತ್ರ ಸುದ್ದಿಯದೇ ಉಳಿಯಿತು. ಗುಂಪುಗಳು ಬೆಳೆದು ಹೆಸರುಗಳು ಗೋಜಲಾದಾಗ 1987ರಲ್ಲಿ ಎಲ್ಲಕ್ಕೂ ಹೊಸದಾಗಿ ನಾಮಕರಣ ಮಾಡಬೇಕಾಯಿತು. ಅದಕ್ಕಾಗಿ ದೊಡ್ಡ ವ್ಯಾಜ್ಯವೇ ನಡೆಯಿತು. ಈಗ ಲೆಮ್ಮಿಯಲ್ಲಿ ‘ಕಮ್ಯೂನಿಟಿ’ ಎನ್ನುತ್ತಾರೆ. ಕೆಬಿನ್ ಎಂಬ ಇನ್ನೊಂದು ವ್ಯವಸ್ಥೆ ‘ಮ್ಯಾಗಜೀನ್’ ಎಂದಿತ್ತು. ಅಲ್ಲಿ ಸಂಪಾದಕನಿಲ್ಲ, ಚಂದಾ ಇಲ್ಲ, ಆದರೂ ಮಾಸಪತ್ರಿಕೆ!

ಕಮ್ಯೂನಿಟಿ ಎಂಬುದಕ್ಕೆ ನಿಘಂಟನ್ನು ತೆರೆದರೆ ‘ಸಮುದಾಯ’ ಎಂದಿರುತ್ತದೆ. ಒಳ್ಳೆಯ ಪದ. 1975ರಲ್ಲಿ ಹುಟ್ಟಿದ ನಾಟಕ ತಂಡವೊಂದು ಅದನ್ನೇ ಹೆಸರಾಗಿ ಇಟ್ಟುಕೊಂಡು ನಾಡಿನ ಬೀದಿಬೀದಿಗಳಲ್ಲಿ ನಾಟಕವಾಡಿತು. ಆದರೆ ಇಂದಿನ ವೃತ್ತಪತ್ರಿಕೆಯನ್ನು ಬಿಡಿಸಿ ನೋಡಿ: ಸಮುದಾಯದ ಮುಖಂಡರು, ಸಮುದಾಯದ ಮತಗಳು, ಸಮುದಾಯಕ್ಕೆ ಅನ್ಯಾಯ. ಜಾತಿ ಎಂದು ಬರೆಯಲು ಸಂಕೋಚಪಟ್ಟ ಲೇಖನಿ ಸಮುದಾಯ ಎಂದು ಬರೆಯಿತು. ಸಂಕೋಚ ಹೋಯಿತು, ಪದವೂ ಹೋಯಿತು. “ಗುಲಾಬಿ ಬೆಳೆಗಾರರ ಸಮುದಾಯಕ್ಕೆ ಸೇರಿಕೊಳ್ಳಿ” ಎಂದರೆ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ನಿಂತವನಿಗೆ ಮೊದಲು ಹೊಳೆಯುವ ಅನುಮಾನ “ಅದರಲ್ಲಿ ಯಾರ್ಯಾರಿದ್ದಾರೆ?” ಎಂಬುದು. ಹೆಸರು ಕೇಳಿದ ಕೂಡಲೇ ಒಳಗಿರುವವರ ಜಾತಕ ವಿಚಾರಿಸುವಂತಾದರೆ ಅದು ಬಾಗಿಲಲ್ಲ, ಬೇಲಿ.

‘ಗುಂಪು’ ಹೇಗೆ? ಧಾರವಾಡದಲ್ಲಿ 1922ರಲ್ಲಿ ಬೇಂದ್ರೆಯವರೂ ಅವರ ಸ್ನೇಹಿತರೂ ‘ಗೆಳೆಯರ ಗುಂಪು’ ಎಂದು ಹೆಸರಿಟ್ಟುಕೊಂಡಾಗ ಆ ಮಾತಿನಲ್ಲಿ ಎಷ್ಟೊಂದು ಬಿಸುಪಿತ್ತು! ಈಗ ಗುಂಪು ಎಂದರೆ ಪಕ್ಷದೊಳಗಿನ ಗುಂಪು, ಗುಂಪುಗಾರಿಕೆ, ಗುಂಪು ಘರ್ಷಣೆ. ವಾಟ್ಸಾಪಿನ ದೆಸೆಯಿಂದ ಗ್ರೂಪು ಎಂಬುದು ಮನೆಮಾತಾಗಿದೆ ನಿಜ. ಆದರೆ ಆ ಗ್ರೂಪಿಗೆ ಯಾರಾದರೂ ನಮ್ಮನ್ನು ಸೇರಿಸಬೇಕು, ಇಲ್ಲವೆ ಒಳಗಿರುವವರು ಕರೆಯಬೇಕು. ನಾವು ಹೆಸರು ಹುಡುಕುತ್ತಿರುವ ಜಾಗವೋ ಬಹುಮಟ್ಟಿಗೆ ದಾರಿಯಲ್ಲಿ ಹೋಗುವವನೂ ನಿಂತು ಕೇಳಬಹುದಾದದ್ದು.

ಸಂಘವೆಂದರೆ ರಿಜಿಸ್ಟರು, ಅಧ್ಯಕ್ಷರು, ಖಜಾಂಚಿ, ವಾರ್ಷಿಕ ಸಭೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗಂತೂ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಸಂಘವೆಂದರೆ ವಾರದ ಉಳಿತಾಯ ಮತ್ತು ಸಾಲದ ಕಂತು. “ಸಂಘಕ್ಕೆ ಹೋಗಿ ಬರ್ತೀನಿ” ಎಂದು ಹೊರಟವಳ ಕೈಯಲ್ಲಿ ಪಾಸ್ ಪುಸ್ತಕವಿರುತ್ತದೆ. ಅಷ್ಟು ಗಟ್ಟಿಯಾಗಿ ಬಳಕೆಯಲ್ಲಿರುವ ಪದವನ್ನು ಅವರಿಂದ ಕಿತ್ತುಕೊಳ್ಳುವುದು ಸರಿಯಲ್ಲ. ಮಂಡಳಿ ಎಂದರೆ ಸರ್ಕಾರ ನೇಮಿಸಬೇಕು. ವೇದಿಕೆಯ ಮೇಲೆ ಒಬ್ಬ ಮಾತನಾಡುತ್ತಾನೆ, ಉಳಿದವರು ಕೆಳಗೆ ಕುಳಿತಿರುತ್ತಾರೆ. ಬಳಗ ಬಹು ಮಧುರವಾದ ಮಾತು, ಆದರೆ ಬಳಗದವರು ಜಗಳವಾಡಿದರೆ ಮದುವೆ ಮುಂಜಿಗೂ ಬರುವುದಿಲ್ಲ. ‘ಗೋಷ್ಠಿ’ಯ ಹುಟ್ಟು ಗಮನಿಸಬೇಕಾದದ್ದು: ಗೋವುಗಳು ನಿಲ್ಲುವ ಜಾಗ ಗೋಷ್ಠ, ಅಲ್ಲಿ ದನ ಕಾಯುವವರು ಸೇರಿ ಮಾತಾಡಿದ್ದರಿಂದ ಬಂದ ಮಾತು. ಪಾಪ, ಕೊಟ್ಟಿಗೆಯಿಂದ ಹೊರಟ ಪದ ಈಗ ಶಾಲು ಹೊದ್ದು ಅಧ್ಯಕ್ಷತೆ ವಹಿಸಿದೆ.

ಕೂಟದ ವಿಚಾರದಲ್ಲಿ ನನಗೆ ಸ್ವಲ್ಪ ಮೋಹವಿದೆ. ಸಮುದ್ರದಾಚೆಗೆ ಹೋದ ನಮ್ಮವರು ಊರೂರಿನಲ್ಲಿ ಕನ್ನಡ ಕೂಟಗಳನ್ನು ಕಟ್ಟಿಕೊಂಡರು. ಅಮೆರಿಕದಲ್ಲಿ ಅಂಥ ಕೂಟಗಳೆಲ್ಲ ಸೇರಿ ‘ಅಮೆರಿಕ ಕನ್ನಡ ಕೂಟಗಳ ಆಗರ’ ಎಂದಾಯಿತು. ಅದರ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಕ್ಕ’. ಜಾಣತನದ ಹೆಸರು. ಆದರೆ ನಮ್ಮ ಕಾನೂನಿನ ಕನ್ನಡದಲ್ಲಿ ಕೂಟಕ್ಕೆ ಅಂಟಿಕೊಂಡಿರುವ ವಿಶೇಷಣ ‘ಅಕ್ರಮ’. ಐದು ಅಥವಾ ಅದಕ್ಕಿಂತ ಹೆಚ್ಚು ಜನ ದುರುದ್ದೇಶದಿಂದ ಸೇರಿದರೆ ಅಕ್ರಮ ಕೂಟ. ಗೌರಿಬಿದನೂರಿನ ಕಡೆಯವರು ಇದನ್ನು ಕೇಳಿ ಸುಮ್ಮನೆ ನಗಲಾರರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯಿದ್ದರೂ ಧ್ವಜಸತ್ಯಾಗ್ರಹಕ್ಕೆಂದು ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸೇರಿದವರ ಲೆಕ್ಕದಲ್ಲಿ ಅದೊಂದು ಸತ್ಯಾಗ್ರಹ, ಅಧಿಕಾರಿಗಳ ಲೆಕ್ಕದಲ್ಲಿ ಅಕ್ರಮವಾದ ಜಮಾವಣೆ. ಜನ ಸೇರುವುದಕ್ಕೆ ಯಾರು ಯಾವ ಹೆಸರಿಡುತ್ತಾರೆ ಎಂಬುದು ಬರಿಯ ನಿಘಂಟಿನ ಮಾತಲ್ಲವೆಂದು ಆ ಊರಿನ ಸ್ಮಾರಕದ ಮುಂದೆ ನಿಂತವರಿಗೆ ಹೇಳಬೇಕಾಗಿಲ್ಲ.

ಇದುವರೆಗೆ ಹೇಳಿದ ಹೆಸರುಗಳೆಲ್ಲ ಸೇರಿದ ಮನುಷ್ಯರ ಹೆಸರುಗಳು. ಮನುಷ್ಯರನ್ನು ಹೆಸರಿಸಿದ ಕೂಡಲೇ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪ್ರಶ್ನೆ ಏಳುತ್ತದೆ. ಅದರ ಬದಲು ಜಾಗಕ್ಕೆ ಹೆಸರಿಟ್ಟರೆ? ಬರುವವರು ಬರಲಿ, ಹೋಗುವವರು ಹೋಗಲಿ, ಜಾಗ ಇದ್ದಲ್ಲೇ ಇರುತ್ತದೆ.

ಈ ದಾರಿಯನ್ನು ಆಗಲೇ ಹಿಡಿದವರಿದ್ದಾರೆ. ಕನ್ನಡದ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದನ್ನು ಬರೆಯುವವರು ತಮ್ಮೊಳಗಿನ ವಿಚಾರ ಮಾತಾಡಿಕೊಳ್ಳಲು ಒಂದು ಪುಟವಿದೆ. ಇಂಗ್ಲಿಷಿನಲ್ಲಿ ಆ ಪುಟವನ್ನು ಊರಿನ ನೀರಿನ ಪಂಪು ಎನ್ನುತ್ತಾರೆ. ನಮ್ಮವರು ಅದನ್ನು ಹಾಗೆಯೇ ಭಾಷಾಂತರಿಸದೆ ‘ಅರಳಿ ಕಟ್ಟೆ’ ಎಂದು ಕರೆದರು. ನೆರೆಯವರೂ ಹೀಗೆಯೇ ಮಾಡಿದರು: ತಮಿಳರದು ಆಲದ ಮರದಡಿ, ಮರಾಠಿಗರದು ಚಾವಡಿ, ಹಿಂದಿಯವರದು ಚೌಪಾಲ್, ತೆಲುಗಿನವರದು ರಚ್ಚಬಂಡ. ಫ್ರೆಂಚರದು ಮಾತ್ರ ಪಾನಗೃಹ! ಒಂದೇ ಯಂತ್ರ, ಒಂದೇ ಉಪಯೋಗ. ಆದರೆ ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಜನ ಎಲ್ಲಿ ಕೂರುತ್ತಾರೆಂದು ನೆನೆಸಿಕೊಂಡು ಹೆಸರಿಟ್ಟರು.

ಅರಳಿ ಕಟ್ಟೆ ಮತ್ತು ರಚ್ಚಬಂಡ, ಈ ಎರಡೂ ಒಟ್ಟಿಗೆ ಕಿವಿಗೆ ಬೀಳುವ ಸೀಮೆ ನಮ್ಮದು. ಪೆರೇಸಂದ್ರದಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಬಸ್ ನಿಲ್ದಾಣದಲ್ಲಿ ಎರಡೂ. ರಚ್ಚಬಂಡವೂ ನಮಗೆ ದೂರದ್ದಲ್ಲ. ಬೀದಿ ಎಂಬ ಅರ್ಥದ ಸಂಸ್ಕೃತದ ‘ರಥ್ಯಾ’ ಎಂಬುದರಿಂದ ಬಂದ ‘ರಚ್ಚೆ’ ಕನ್ನಡದಲ್ಲಿಯೂ ಉಂಟು. ಬಂಡ ನಮ್ಮ ಬಂಡೆಯೇ. ಹಾಗಾದರೆ ಯಾವುದನ್ನು ಆರಿಸೋಣ?

ಆರಿಸುವ ಮೊದಲು ಒಂದು ಅಪ್ರಿಯವಾದ ಮಾತನ್ನು ಹೇಳಬೇಕು. ನಾವು ಕಥೆಗಳಲ್ಲಿ ಕೊಂಡಾಡುವ ಅರಳಿ ಕಟ್ಟೆಯ ಮೇಲೆ ಎಲ್ಲರೂ ಕೂರುತ್ತಿರಲಿಲ್ಲ. ಅಲ್ಲಿ ಕುಳಿತವರು ಗಂಡಸರು, ಅದರಲ್ಲಿಯೂ ಕೆಲವು ಕೇರಿಗಳ ಗಂಡಸರು. ದಲಿತರು ದೂರ ನಿಂತು, ಹೆಗಲ ಮೇಲಿನ ವಸ್ತ್ರವನ್ನು ಕೈಗೆ ತೆಗೆದುಕೊಂಡು ಮಾತು ಕೇಳಬೇಕಾಗಿತ್ತು. ಹೆಂಗಸರು ಕಟ್ಟೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದರು. ನ್ಯಾಯ ಹೇಳುವವರೂ ದಂಡ ಹಾಕುವವರೂ ಬಹಿಷ್ಕಾರ ಸಾರುವವರೂ ಅಲ್ಲಿಯೇ ಕುಳಿತಿದ್ದರು. ಈ ಪದವನ್ನು ಹೊಸ ಜಾಗಕ್ಕೆ ಕೊಟ್ಟರೆ ಪೆರೇಸಂದ್ರದ ಕಾಲೇಜು ಹುಡುಗಿಯೊಬ್ಬಳಿಗೆ ಅದು ಆಹ್ವಾನವೆಂದು ಕೇಳಿಸುತ್ತದೆಯೆ, ಅಜ್ಜಂದಿರ ಗದರಿಕೆಯೆಂದು ಕೇಳಿಸುತ್ತದೆಯೆ? ಇದನ್ನು ಲೆಕ್ಕಿಸದೆ ಹಳ್ಳಿಯ ಸೊಬಗಿಗೆ ಮನಸೋತು ಹೆಸರಿಡುವುದು ಪಟ್ಟಣದವರ ಚಾಳಿ.

ಹೀಗಿದ್ದೂ ನಾನು ‘ಕಟ್ಟೆ’ಯ ಪಕ್ಷವೇ. ಅರಳಿಯನ್ನು ಬಿಟ್ಟು ಬರಿಯ ಕಟ್ಟೆ. ಏಕೆಂದರೆ ಕಟ್ಟೆ ಆ ಮರದ ಕೆಳಗೆ ಮಾತ್ರ ಇರಲಿಲ್ಲ. ಬಾವಿಗೂ ಕಟ್ಟೆಯುಂಟು, ಕೊಡವಿಳಿಸಿ ಹೆಂಗಸರು ಕಷ್ಟಸುಖ ಹೇಳಿಕೊಂಡದ್ದು ಬಾವಿಕಟ್ಟೆಯಲ್ಲಿ. ತುಳಸಿಗೂ ಕಟ್ಟೆ, ಬೀದಿಯ ಬದಿಯ ನಾಗರಕಲ್ಲಿಗೂ ಕಟ್ಟೆ. ಕೆರೆ ಎಂದಾಗ ಕಟ್ಟೆ ಎಂಬುದು ಅದರ ಜೊತೆಗೇ ಬರುತ್ತದೆ: ಕೆರೆಕಟ್ಟೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಅದು ಕುಳಿತಿದೆ. ರೈತನೂ ರೀಲರೂ ಒಂದೇ ಚಾವಣಿಯ ಕೆಳಗೆ ನಿಲ್ಲುವ ಜಾಗವದು. ಕಟ್ಟಿದ್ದೆಲ್ಲ ಕಟ್ಟೆ. ಕಟ್ಟುವುದಕ್ಕೆ ಹತ್ತು ಕೈ ಬೇಕು, ಕೂರುವುದಕ್ಕೆ ಯಾರ ಚೀಟಿಯೂ ಬೇಡ. ತೆಲುಗಿನವರಿಗೂ ಇದು ಹೊಸದಲ್ಲ; ಅವರು ಕೆರೆಯ ಏರಿಯನ್ನು ‘ಚೆರುವು ಕಟ್ಟ’ ಎನ್ನುತ್ತಾರೆ. ಪೆರೇಸಂದ್ರದಲ್ಲಿ ಎರಡು ಬೋರ್ಡು ಬರೆಸುವ ಖರ್ಚು ಉಳಿಯಿತು.

ಕೊನೆಯ ಮಾತು ತಮಾಷೆಯದಲ್ಲ. 1990ರ ದಶಕದಲ್ಲಿ ಯೂಸ್‌ನೆಟ್ಟಿನಲ್ಲಿ ಭಾರತದ ಪ್ರಾಂತಗಳಿಗೆ ಗುಂಪುಗಳಾದಾಗ ನಮ್ಮ ನೆರೆಯವರದು ‘ತೆಲುಗು’ ಎಂದು ಭಾಷೆಯ ಹೆಸರಿನಲ್ಲಿಯೂ ನಮ್ಮದು ‘ಕರ್ನಾಟಕ’ ಎಂದು ನಾಡಿನ ಹೆಸರಿನಲ್ಲಿಯೂ ಆಯಿತು. ಬಾಗೇಪಲ್ಲಿಯಲ್ಲಿ ಹುಟ್ಟಿ ಮನೆಯಲ್ಲಿ ತೆಲುಗು ಆಡುವವನು ಯಾವುದಕ್ಕೆ ಹೋಗಬೇಕು? ಕಾಸರಗೋಡಿನ ಕನ್ನಡಿಗ ಯಾವುದಕ್ಕೆ ಹೋಗಬೇಕು? ವಿಷಯದ ಹೆಸರಿನ ಮುಂದೆ ಕಟ್ಟೆ ಎಂದಿಟ್ಟರೆ ಈ ಪ್ರಶ್ನೆ ಏಳುವುದಿಲ್ಲ. ಹೂವಿನ ಕಟ್ಟೆಗೆ ಹೂವು ಬೆಳೆಯುವವನು ಬರುತ್ತಾನೆ. ಯಾವ ಭಾಷೆಯಲ್ಲಿ ಧಾರಣೆ ಕೇಳಿದರೂ ಧಾರಣೆ ಅಷ್ಟೇ.

ಇನ್ನೊಂದು ತೊಡಕಿದೆ. ಒಡೆಯನೊಬ್ಬನಿಲ್ಲದ ಕಾರಣ ಒಂದೇ ವಿಷಯಕ್ಕೆ ಎರಡು ಮೂರು ಸರ್ವರುಗಳಲ್ಲಿ ಕಟ್ಟೆಗಳಿರಬಹುದು. ಇದನ್ನು ದೊಡ್ಡ ದೋಷವೆಂದು ಹಲವರು ಗೊಣಗುತ್ತಾರೆ. ನಮಗೆ ಇದರಲ್ಲಿ ಆಶ್ಚರ್ಯವೇನು? ಸೋಮೇನಹಳ್ಳಿಯ ಕಟ್ಟೆ ಬೇರೆ, ಪೆರೇಸಂದ್ರದ ಕಟ್ಟೆ ಬೇರೆ. ಎರಡರಲ್ಲಿಯೂ ಮಳೆಯ ಮಾತೇ. ಲೆಮ್ಮಿಯಲ್ಲಿ ಗುಂಪಿನ ಹೆಸರಿನ ಪಕ್ಕದಲ್ಲಿ ಅದು ಯಾವ ಸರ್ವರಿನದೆಂದು ಬರೆದಿರುತ್ತದೆ. ಊರಿನ ಹೆಸರನ್ನು ಹೆಸರಿಗೆ ಸೇರಿಸಿಕೊಳ್ಳುವುದು ನಮಗೆ ರೂಢಿಯೇ ಅಲ್ಲವೆ? ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ಮೊದಲಿಗೆ ಕುಳಿತ ‘ಮೋಕ್ಷಗುಂಡಂ’ ಆಂಧ್ರದಲ್ಲಿರುವ ಹಿರಿಯರ ಊರು. ಜಗತ್ತು ಸುತ್ತಿದರೂ ಆ ಊರು ಅವರ ಜೊತೆಗೇ ಹೋಯಿತು. ಹಾಗೆಯೇ ‘ಪೆರೇಸಂದ್ರದ ಹೂವಿನ ಕಟ್ಟೆ’ ಎಂದರೆ ತೀರಿತು. ವಿಷಯವೂ ತಿಳಿಯಿತು, ಯಾವ ಕೆರೆಯ ನೀರೆಂಬುದೂ ತಿಳಿಯಿತು.

ಸರ್ವರಿಗೆ ‘ಊರು’ ಎನ್ನಬಹುದು. ಸೇರುವುದನ್ನು ‘ಕಟ್ಟೆ ಹತ್ತುವುದು’ ಎನ್ನಬಹುದು, ಆದರೆ ಅದು ಕೋರ್ಟಿನ ಮೆಟ್ಟಿಲು ಹತ್ತಿದಂತೆ ಕೇಳಿಸುತ್ತದೆ. ‘ಕಟ್ಟೆಗೆ ಬರುವುದು’ ಸಾಕು. ಉಳಿದದ್ದು ಒಂದು ಹೆಸರು: ಅಲ್ಲಿ ಜಗಳ ಬಿಡಿಸುವ, ಹೊಲಸು ಮಾತನ್ನು ತೆಗೆದುಹಾಕುವ ಮನುಷ್ಯನದು. ಇಂಗ್ಲಿಷಿನಲ್ಲಿ ಮಾಡರೇಟರ್. ಯಜಮಾನ ಎಂದರೆ ಹಳೆಯ ಕಟ್ಟೆಯ ಗತ್ತು ಮತ್ತೆ ಬಂದು ಕೂರುತ್ತದೆ. ಅಧ್ಯಕ್ಷ ಎಂದರೆ ಹಾರ ತರಬೇಕು. ನಮ್ಮ ಸೀಮೆಯ ಕೆರೆಗಳಲ್ಲಿ ನೀರುಗಂಟಿ ಎಂಬವನಿದ್ದ. ತೂಬು ತೆಗೆಯುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವವನು ಅವನೇ. ಕೆರೆ ಅವನದಲ್ಲ, ನೀರೂ ಅವನದಲ್ಲ. ಎಷ್ಟೋ ಊರುಗಳಲ್ಲಿ ಆ ಕೆಲಸ ದಲಿತ ಮನೆತನಗಳದಾಗಿತ್ತು. ಮರದಡಿಯ ಕಟ್ಟೆಯ ಮೇಲೆ ಕೂರಲಾಗದಿದ್ದವನ ಮಾತನ್ನು ನೀರಿನ ವಿಷಯದಲ್ಲಿ ಊರೆಲ್ಲ ಕೇಳುತ್ತಿತ್ತು. ಆ ಕೆಲಸಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ಕಂಡಿಲ್ಲ. ನಿಮ್ಮ ಕಡೆ ಬೇರೆ ಮಾತಿದ್ದರೆ ಅದನ್ನೂ ಕಟ್ಟೆಗೆ ತನ್ನಿ.